ಡಿಕ್ರಿ ಕಾಪಿ ಬೇಕಾದಾಗ ಫೈಲ್ ಎಲ್ಲಿಂದ ಹುಡುಕೋದು

ಡೈವೋರ್ಸ್ ಕೇಸ್ ಮುಗಿದ ದಿನ ಎಲ್ರಿಗೂ ಇರೋದು ಒಂದೇ ಯೋಚ್ನೆ, ಇನ್ನು ಜನ್ಮದಲ್ಲಿ ಈ ಕೋರ್ಟ್ ಮೆಟ್ಲು ಹತ್ತೋದು ಬೇಡ ಅಂತ. ತೀರ್ಪು ಬಂತು ಅಂತ ವಕೀಲರು ಫೋನ್ ಮಾಡ್ತಾರೆ, ಮನೇಲಿ ಆ ವಿಷಯ ಮಾತಾಡೋದೂ ನಿಂತ್ಹೋಗುತ್ತೆ, ಫೈಲ್ ವಕೀಲರ ಆಫೀಸಿನ ಬೀರು ಮೇಲೆ ಉಳ್ಕೊಳುತ್ತೆ. ಆಮೇಲೆ ಎಷ್ಟೋ ವರ್ಷಕ್ಕೆ ಎರಡನೇ ಮದುವೆ ರಿಜಿಸ್ಟರ್ ಮಾಡ್ಸೋಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದಾಗ್ಲೋ, ವೀಸಾಕ್ಕೆ ಹಾಕುವಾಗ್ಲೋ, ತೀರಿಕೊಂಡ ಅಪ್ಪನ ಫ್ಯಾಮಿಲಿ ಪೆನ್ಷನ್ ಕೇಳುವಾಗ್ಲೋ "ಡಿಕ್ರಿಯ ಸರ್ಟಿಫೈಡ್ ಕಾಪಿ ಕೊಡಿ" ಅಂತಾರೆ. ಡಿಕ್ರಿ ಅಂದ್ರೆ ತೀರ್ಪಿನ ಮೇಲೆ ಕೋರ್ಟ್ ಬರೆಯೋ ಅಂತಿಮ ಆದೇಶದ ಕಾಗದ, ಸರ್ಟಿಫೈಡ್ ಕಾಪಿ ಅಂದ್ರೆ ಕೋರ್ಟೇ ಸೀಲ್ ಹಾಕಿ ಕೊಡೋ ನಕಲು. ಆಗ ಕೈಯಲ್ಲಿ ಎಂತದೂ ಇರಲ್ಲ.

ನಮ್ಮ ದೊಡ್ಡಮ್ಮನ ಮಗಳಿಗೆ ಹೀಗೇ ಆಯ್ತು. ಅಕ್ಕನಿಗೆ ಮತ್ತೆ ಮದುವೆ ಗೊತ್ತಾದಾಗ ಕಾಗದ ಹುಡುಕೋ ಕೆಲಸ ನಾನು ವಹಿಸ್ಕೊಂಡೆ, ಯಾಕಂದ್ರೆ ಅವಳಿಗೆ ಕೋರ್ಟ್ ಅಂದ್ರೆ ಇವತ್ತಿಗೂ ಎದೆ ನಡುಗುತ್ತೆ. ಆ ಓಡಾಟದಲ್ಲಿ ತಿಳ್ಕೊಂಡಿದ್ದನ್ನ ಬರೀತಿದೀನಿ, ನಮ್ಮ ಕಡೆ ಇಂಥ ವಿಷಯ ಯಾರೂ ಬಾಯಿಬಿಟ್ಟು ಕೇಳಲ್ಲ, ಅದರಲ್ಲೂ ಹೆಣ್ಣುಮಕ್ಕಳಂತೂ ಅಣ್ಣನೋ ಭಾವನೋ ಬಿಡುವು ಮಾಡ್ಕೊಂಡು ಬರೋ ತನಕ ಕಾಯ್ತಾ ಕೂತಿರ್ತಾರೆ.

ಮೊದಲು ತಿಳ್ಕೋಬೇಕಾಗಿದ್ದು ಕೇಸ್ ಯಾವ ಊರಿನ ಕೋರ್ಟಲ್ಲಿ ನಡೀತು ಅನ್ನೋದು. ಇದು ಗೊತ್ತೇ ಇರುತ್ತಲ್ಲ ಅನ್ಬೇಡಿ. ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆ ಆದ ಊರಲ್ಲಿ ಕೇಸ್ ಹಾಕ್ಬಹುದು, ಎದುರು ಪಾರ್ಟಿ ಇರೋ ಊರಲ್ಲಿ ಹಾಕ್ಬಹುದು, ಗಂಡ ಹೆಂಡ್ತಿ ಕೊನೇಲಿ ಒಟ್ಟಿಗೆ ಇದ್ದ ಊರಲ್ಲಿ ಹಾಕ್ಬಹುದು, 2003ರ ತಿದ್ದುಪಡಿ ಆದ್ಮೇಲೆ ಹೆಂಡ್ತಿ ತಾನಿರೋ ಊರಲ್ಲೂ ಹಾಕ್ಬಹುದು. ನಮ್ಮ ಅಕ್ಕನ ವಿಷಯದಲ್ಲಿ ಮದುವೆ ಸಾಗರದ ಛತ್ರದಲ್ಲಿ, ಗಂಡನ ಮನೆ ಸಿದ್ದಾಪುರದ ಕಡೆ, ಸಂಸಾರ ಮಾಡಿದ್ದು ಬೆಂಗಳೂರಲ್ಲಿ, ತವರು ಆನಂದಪುರ. ಮನೇಲಿ ಯಾರನ್ನ ಕೇಳಿದ್ರೂ "ಶಿವಮೊಗ್ಗ ಕೋರ್ಟು" ಅಂತಾರೆ, ಎಂತಕ್ಕೆ ಅಂದ್ರೆ ದೊಡ್ಡಪ್ಪ ಪ್ರತಿ ಸಲ ಶಿವಮೊಗ್ಗದ ಬಸ್ ಹತ್ತಿದ್ದು ಎಲ್ರಿಗೂ ನೆನಪಿದೆ. ಆದ್ರೆ ದೊಡ್ಡಪ್ಪ ಮೊದಮೊದಲು ಹೋಗ್ತಿದ್ದಿದ್ದು ದುರ್ಗಿಗುಡಿಯ ವಕೀಲರ ಆಫೀಸಿಗೆ, ಕೇಸ್ ಹಾಕಿದ್ದು ಸಾಗರದಲ್ಲಿ.

ಶಿವಮೊಗ್ಗದಲ್ಲಿ ಫ್ಯಾಮಿಲಿ ಕೋರ್ಟ್ ಇದೆ ನಿಜ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಕೆಳಗೆ ಬಂದ ಕೋರ್ಟುಗಳು ಇವು. ಹಾಗಂತ ಜಿಲ್ಲೆಯ ಎಲ್ಲಾ ಮದುವೆ ಕೇಸೂ ಅಲ್ಲೇ ನಡೆದಿರುತ್ತೆ ಅಂತಲ್ಲ, ತಾಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಲ್ಲೂ ಇಂಥ ಕೇಸ್ ನಡೆಯುತ್ತೆ. ಇನ್ನೊಂದು ತೊಡಕು ಏನಂದ್ರೆ ಒಂದು ಕೋರ್ಟಿಂದ ಇನ್ನೊಂದಕ್ಕೆ ಕೇಸ್ ವರ್ಗ ಆದಾಗ ನಂಬರೇ ಬದಲಾಗುತ್ತೆ. ಒಂದು ಊರಿಗೆ ಹೊಸದಾಗಿ ಫ್ಯಾಮಿಲಿ ಕೋರ್ಟ್ ಬಂದ್ರೆ ಅಲ್ಲಿ ತನಕ ಬೇರೆ ಕೋರ್ಟಲ್ಲಿ ಬಾಕಿ ಇದ್ದ ಕೇಸುಗಳು ಕಾನೂನು ಪ್ರಕಾರ ಅಲ್ಲಿಗೆ ಹೋಗ್ತವೆ, ಪಾರ್ಟಿಗಳು ಕೇಳಿ ವರ್ಗ ಮಾಡ್ಸಿಕೊಳ್ಳೋದೂ ಉಂಟು. ದೊಡ್ಡಮ್ಮನ ಟ್ರಂಕಲ್ಲಿ ಹಳೇ ಸೀರೆ ಮಡಿಕೆ ಒಳಗೆ ಒಂದು ಕೋರ್ಟ್ ನೋಟೀಸ್ ಸಿಕ್ತು, ಮಡಚಿದ ಗೆರೆಯಲ್ಲಿ ಹರ್ಕೊಂಡಿತ್ತು, ಮೇಲ್ಗಡೆ ಎಂ.ಸಿ. ಅಂತ ಬರೆದು ಒಂದು ನಂಬರು, ಓರೆ ಗೆರೆ, ವರ್ಷ. ಅದು ಸಾಗರದ ನಂಬರು. ಆ ನಂಬರ್ ಹಿಡ್ಕೊಂಡು ಶಿವಮೊಗ್ಗದಲ್ಲಿ ಕೇಳಿದ್ರೆ ಸಿಗೋದಾದ್ರೂ ಹೇಗೆ? ಸಾಗರದ ಕೋರ್ಟಲ್ಲಿ ರಿಜಿಸ್ಟರ್ ತೆಗೆದು ನೋಡಿದಾಗ್ಲೇ ಕೇಸ್ ಮಧ್ಯದಲ್ಲಿ ಶಿವಮೊಗ್ಗದ ಫ್ಯಾಮಿಲಿ ಕೋರ್ಟಿಗೆ ವರ್ಗ ಆಗಿದೆ ಅಂತ ಗೊತ್ತಾಗಿದ್ದು, ಅಲ್ಲಿ ಅದಕ್ಕೆ ಬೇರೆ ನಂಬರ್ ಕೊಟ್ಟಿದ್ರು.

ನಂಬರ್ ಹಿಂದಿರೋ ಅಕ್ಷರಗಳನ್ನೂ ನೋಡ್ಕೊಳ್ಳಿ. ಎಂ.ಸಿ. ಅಂದ್ರೆ ಮ್ಯಾಟ್ರಿಮೋನಿಯಲ್ ಕೇಸ್, ಡೈವೋರ್ಸು, ಒಟ್ಟಿಗೆ ಬಾಳ್ಬೇಕು ಅಂತ ಹಾಕೋ ಅರ್ಜಿ ಎಲ್ಲಾ ಇದರಲ್ಲಿ ಬರುತ್ತೆ. ಜಿ ಅಂಡ್ ಡಬ್ಲ್ಯೂ.ಸಿ. ಅಂದ್ರೆ ಮಗು ಯಾರ ಹತ್ರ ಇರ್ಬೇಕು ಅನ್ನೋದು, 1890ರ ಪೋಷಕರ ಕಾಯ್ದೆ ಕೆಳಗಿಂದು. ಕ್ರಿಮಿನಲ್ ಮಿಸಲೇನಿಯಸ್ ಅಂತ ಇದ್ರೆ ಸಾಮಾನ್ಯವಾಗಿ ಜೀವನಾಂಶದ್ದು. ಒಂದೇ ಸಂಸಾರಕ್ಕೆ ಈ ಮೂರೂ ಬೇರೆ ಬೇರೆ ಫೈಲ್ ಆಗಿರ್ಬಹುದು, ನಿಮಗೆ ಬೇಕಾಗಿದ್ದು ಯಾವುದು ಅಂತ ಹೋಗೋಕೆ ಮುಂಚೆನೇ ಖಚಿತ ಮಾಡ್ಕೊಳ್ಳಿ.

ಕಾಗದ ಒಂದೂ ಇಲ್ಲ ಅಂದ್ರೆ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪಲ್ಲಿ ಹುಡುಕಿ ನೋಡಿ. ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸ್ಕೊಂಡು ಪಾರ್ಟಿ ಹೆಸರು, ಕೇಸ್ ದಾಖಲಾದ ವರ್ಷ ಹಾಕ್ಬೇಕು, ಮುಗಿದ ಕೇಸ್ ಆದ್ರಿಂದ ಡಿಸ್ಪೋಸ್ಡ್ ಅನ್ನೋದನ್ನ ಒತ್ಬೇಕು. ವರ್ಷ ಸರಿಯಾಗಿ ನೆನಪಿಲ್ಲ ಅಂದ್ರೆ ಹಿಂದೆ ಮುಂದೆ ಒಂದೊಂದೇ ವರ್ಷ ಹಾಕಿ ನೋಡಿ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ದೊಡ್ಡ ತಲೆನೋವು, ಲಕ್ಷ್ಮಿ ಅನ್ನೋದನ್ನ ಒಬ್ರು ಕೆ ಎಸ್ ಎಚ್ ಹಾಕಿ ಬರೆದಿರ್ತಾರೆ ಇನ್ನೊಬ್ರು ಎಕ್ಸ್ ಹಾಕಿರ್ತಾರೆ, ಹಾಗಾಗಿ ಪೂರ್ತಿ ಹೆಸರು ಟೈಪ್ ಮಾಡೋ ಬದ್ಲು ಮೊದಲ ಮೂರ್ನಾಲ್ಕು ಅಕ್ಷರ ಹಾಕಿ, ಹೆಂಡ್ತಿ ಹೆಸರಲ್ಲಿ ಸಿಗದಿದ್ರೆ ಗಂಡನ ಹೆಸರಲ್ಲಿ ನೋಡಿ. ಸಿಕ್ಕಿದ್ರೆ ಅಲ್ಲಿ ಸಿಎನ್ಆರ್ ಅಂತ 16 ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತೆ, ಕರ್ನಾಟಕದ್ದು ಕೆಎ ಅಂತ ಶುರುವಾಗುತ್ತೆ. ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ ಕೇಸಿಗೆ ಇದು, ಬರೆದಿಟ್ಕೊಳ್ಳಿ. ತುಂಬಾ ಹಳೇ ಕೇಸ್ ಆದ್ರೆ ವೆಬ್‌ಸೈಟಲ್ಲಿ ಇಲ್ಲದೇ ಇರ್ಬಹುದು, ಹಾಗಂತ ಫೈಲೇ ಇಲ್ಲ ಅಂತ ಕೈಬಿಡ್ಬೇಡಿ, ರಿಜಿಸ್ಟರ್ ಪುಸ್ತಕದಲ್ಲಿ ಹುಡುಕಿಸ್ಬೇಕು. ವೆಬ್‌ಸೈಟಿಂದ ತೆಗೆದ ಪ್ರಿಂಟ್ ಸರ್ಟಿಫೈಡ್ ಕಾಪಿ ಅಲ್ಲ ಅನ್ನೋದೂ ನೆನಪಿರ್ಲಿ. ಹಳೇ ಇಂಗ್ಲಿಷ್ ಕಾಗದಗಳಲ್ಲಿ ಊರಿನ ಹೆಸರು ಹಿಂದಿನ ಶಿಮೊಗಾ ಸ್ಪೆಲ್ಲಿಂಗಲ್ಲೇ ಇರುತ್ತೆ, ಬದಲಾಗಿದ್ದು 2014ರ ನವೆಂಬರಲ್ಲಿ, ಅದಕ್ಕೆ ಗಾಬರಿ ಬೇಡ.

ನಂಬರ್ ಕೈಗೆ ಸಿಕ್ಕ ಮೇಲೆ ಕೆಲಸ ಅರ್ಧ ಮುಗಿದ ಹಾಗೆ. ಶಿವಮೊಗ್ಗದಲ್ಲಾದ್ರೆ ಬಾಲರಾಜ್ ಅರಸ್ ರಸ್ತೆಯಲ್ಲಿರೋ ಕೋರ್ಟ್ ಆವರಣಕ್ಕೆ ಹೋಗಿ ನಕಲು ವಿಭಾಗ ಎಲ್ಲಿ ಅಂತ ಕೇಳಿ, ಕಾಪಿಯಿಂಗ್ ಸೆಕ್ಷನ್ ಅಂದ್ರೂ ತೋರಿಸ್ತಾರೆ. ನಕಲು ಅರ್ಜಿಯಲ್ಲಿ ಕೇಸ್ ನಂಬರ್, ಇಬ್ಬರ ಹೆಸರು, ತೀರ್ಪಿನ ತಾರೀಕು, ಯಾವ ಕಾಗದ ಬೇಕು ಅಂತ ಬರೆದು ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಕೊಡ್ಬೇಕು. ಜಡ್ಜ್‌ಮೆಂಟ್ ಬೇರೆ, ಡಿಕ್ರಿ ಬೇರೆ, ಎರಡನ್ನೂ ಕೇಳಿ. ಒಪ್ಪಿಗೆ ಮೇಲೆ ಆದ ಡೈವೋರ್ಸ್ ಆದ್ರೆ ರಾಜಿ ಕರಾರಿನ ಮೆಮೋನೂ ಸೇರಿಸಿ ಕೇಳಿ, ಮಗುವಿನ ವಿಷಯ, ದುಡ್ಡಿನ ವಿಷಯ ಎಲ್ಲಾ ಅದರಲ್ಲೇ ಇರೋದು. ಕೇಸಲ್ಲಿ ಪಾರ್ಟಿ ಆಗಿರೋರು ತಾವೇ ಅರ್ಜಿ ಹಾಕ್ಬಹುದು, ಹಳೇ ವಕೀಲರೇ ಬರ್ಬೇಕು ಅಂತೇನಿಲ್ಲ. ಅಕ್ಕನ ವಕೀಲರು ತೀರಿಕೊಂಡಿದ್ರು, ಅದಕ್ಕೇ ಇನ್ನು ಕಾಗದ ಸಿಗಲ್ಲ ಅಂತ ಮನೆಯವ್ರೆಲ್ಲ ತೀರ್ಮಾನ ಮಾಡ್ಬಿಟ್ಟಿದ್ರು! ಗುರುತಿನ ಚೀಟಿ ತಗೊಂಡು ಅವಳೇ ಬಂದು ಸಹಿ ಹಾಕಿದ್ಲು, ಅಷ್ಟೇ.

ಹಳೇ ಫೈಲು ರೆಕಾರ್ಡ್ ರೂಮಿಗೆ ಹೋಗಿರುತ್ತೆ, ಅಲ್ಲಿಂದ ತರ್ಸಬೇಕು, ಆಮೇಲೆ ಪುಟದ ಲೆಕ್ಕದಲ್ಲಿ ಇಷ್ಟು ಹಣ ಕಟ್ಟಿ ಅಂತಾರೆ, ಕಟ್ಟಿದ ಮೇಲೆ ನಕಲು ತಯಾರಾಗುತ್ತೆ. ಮಳೆಗಾಲದಲ್ಲಿ ದೂರದಿಂದ ಬರೋರು ಕಾಪಿ ತಯಾರಾಗಿದ್ಯಾ ಅಂತ ವಿಚಾರಿಸ್ಕೊಂಡೇ ಹೊರಡಿ. ಕೈಗೆ ಬಂದ ಕಾಪಿಯ ಕೊನೇ ಪುಟದಲ್ಲಿ ಒಂದು ಸೀಲು ಒತ್ತಿರ್ತಾರೆ, ಅದರಲ್ಲಿ ಅರ್ಜಿ ಕೊಟ್ಟ ದಿನ, ಹಣ ಕಟ್ಟೋಕೆ ಹೇಳಿದ ದಿನ, ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಅಂತ ಸಾಲಾಗಿ ಪೆನ್ನಲ್ಲಿ ತುಂಬಿರುತ್ತೆ. ಈಗಷ್ಟೇ ತೀರ್ಪು ಬಂದಿರೋರಿಗೆ ಈ ಸೀಲು ತುಂಬಾ ಮುಖ್ಯ. ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲಿ ಹೈಕೋರ್ಟಿಗೆ ಅಪೀಲಿಗೆ 30 ದಿನ ಅಂತ ಇದೆ, 1963ರ ಕಾಲಮಿತಿ ಕಾಯ್ದೆ ಪ್ರಕಾರ ನಕಲು ಪಡೆಯೋಕೆ ಬೇಕಾದ ದಿನಗಳನ್ನ ಆ ಲೆಕ್ಕದಿಂದ ಬಿಡ್ತಾರೆ, ಅದನ್ನ ತೋರ್ಸೋದು ಈ ಸೀಲೇ. ನಮ್ಮ ಜಿಲ್ಲೆಯ ಅಪೀಲು ಬೆಂಗಳೂರಿಗೆ ಹೋಗುತ್ತೆ, ಪಕ್ಕದ ಸಿದ್ದಾಪುರ ಉತ್ತರ ಕನ್ನಡಕ್ಕೆ ಸೇರಿದ್ರಿಂದ ಅಲ್ಲಿಂದು ಧಾರವಾಡ ಪೀಠಕ್ಕೆ.

ಇನ್ನೊಂದು ವಿಷಯ ದಯವಿಟ್ಟು ಎಲ್ರಿಗೂ ಹೇಳಿ. ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ನಿನ 4ನೇ ಉಪವಿಭಾಗದಲ್ಲಿ ಸ್ಪಷ್ಟವಾಗಿದೆ, ಡೈವೋರ್ಸ್ ಡಿಕ್ರಿ ಆದ್ರೆ ಅದರ ಒಂದು ಪ್ರತಿನ ಇಬ್ಬರಿಗೂ ಕೋರ್ಟೇ ಪುಕ್ಕಟೆ ಕೊಡ್ಬೇಕು. ಜೀವನಾಂಶದ ಆದೇಶನೂ ಹಾಗೇ, ಯಾರ ಪರ ಆಗಿದ್ಯೋ ಅವ್ರಿಗೆ ಪ್ರತಿ ಉಚಿತ. ಮೊದಲು ಇದು ಸಿಆರ್‌ಪಿಸಿ, ಅಂದ್ರೆ ಅಪರಾಧ ಪ್ರಕ್ರಿಯಾ ಸಂಹಿತೆಯ 128ನೇ ಸೆಕ್ಷನ್ನಲ್ಲಿ ಇತ್ತು, ಅದರ ಬದ್ಲಿಗೆ 2024ರ ಜುಲೈಯಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 147ನೇ ಸೆಕ್ಷನ್. ದುಡ್ಡು ಕೊಡ್ದೇ ಇರೋ ಗಂಡ ಕೆಲಸ ಬದಲಾಯ್ಸಿ ಬೇರೆ ಊರಿಗೆ ಹೋಗಿ ಕೂತಿದ್ರೆ ಆ ಊರಿನ ಮ್ಯಾಜಿಸ್ಟ್ರೇಟ್ ಹತ್ರನೇ ಆದೇಶ ಜಾರಿ ಮಾಡ್ಸಬಹುದು, ಆದ್ರೆ ಬಾಕಿ ಬಿದ್ದ ತಿಂಗಳಿಂದ ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು. ಕಾಗದ ಕೈಯಲ್ಲಿ ಇಲ್ಲದೇ ಆ ವರ್ಷ ದಾಟಿಹೋದ್ರೆ ಮಕ್ಕಳ ಅನ್ನದ ದುಡ್ಡು ಹೋಗೋದು, ಅದಕ್ಕೆ ಇಷ್ಟು ಒತ್ತಿ ಹೇಳ್ತಿರೋದು.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ನೆ ಕೂರ್ಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸ್ರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಸಿಗುತ್ತೆ, 15100ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನೇರವಾಗಿ ಕೇಳಿ.

ಆರ್‌ಟಿಐ ಹಾಕ್ಬಿಡೋಣ ಅಂತ ನಮ್ಮನೇಲೂ ಒಬ್ರು ಸಲಹೆ ಕೊಟ್ರು. ಕೋರ್ಟ್ ಫೈಲಿನ ನಕಲು ಕೋರ್ಟಿನ ನಿಯಮದ ಪ್ರಕಾರನೇ ತಗೋಬೇಕು, ಆರ್‌ಟಿಐಲಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ, ಗುಜರಾತ್ ಹೈಕೋರ್ಟಿನ ಕೇಸಲ್ಲಿ.

ಬೇರೆಯವ್ರ ಫೈಲ್ ಕೇಳೋರ ಬಗ್ಗೆನೂ ಹೇಳ್ಬೇಕು. ಸಂಬಂಧ ನೋಡುವಾಗ ಹುಡುಗನಿಗೆ ಮೊದಲು ಮದುವೆ ಆಗಿತ್ತಂತೆ ಅಂತ ಗೊತ್ತಾದ್ರೆ ಕೋರ್ಟಿಂದ ಕಾಗದ ತೆಗ್ಸಿ ನೋಡೋಣ ಅಂತಾರೆ. ಆ ಆತಂಕ ನಂಗೆ ಅರ್ಥ ಆಗುತ್ತೆ, ಆದ್ರೆ ಪಾರ್ಟಿ ಅಲ್ದೇ ಇರೋರು ಯಾಕೆ ಬೇಕು ಅಂತ ಕಾರಣ ಹೇಳಿ ಕೋರ್ಟಿನ ಅನುಮತಿ ಕೇಳ್ಬೇಕು, ಕುತೂಹಲಕ್ಕೆಲ್ಲ ಕೊಡಲ್ಲ, ಕೊಡಲೂಬಾರ್ದು. ಹಿಂದೂ ವಿವಾಹ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಈ ಕೇಸುಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲೇ ನಡೀಬೇಕು, ಅದನ್ನ ಅಚ್ಚು ಹಾಕೋ ಹಾಗೂ ಇಲ್ಲ. ಆ ಫೈಲಲ್ಲಿ ಇನ್ನೊಬ್ಬ ಹೆಣ್ಣುಮಗಳ ಜೀವನನೂ ಇರುತ್ತೆ ಅಲ್ವಾ? ಹುಡುಗನಿಗೇ ನೇರವಾಗಿ "ಡಿಕ್ರಿ ಕಾಪಿ ತೋರ್ಸಪ್ಪ" ಅನ್ನಿ, ನಿಯತ್ತಿರೋನು ತರ್ಸಿ ತೋರಿಸ್ತಾನೆ.

ಇನ್ನು ಫೈಲಲ್ಲಿ ಹಾಜರು ಮಾಡಿದ ಒರಿಜಿನಲ್ ಕಾಗದಗಳು. ಸಾಕ್ಷ್ಯಕ್ಕೆ ಕೊಟ್ಟ ಕಾಗದ ಅಂತ ಕೋರ್ಟ್ ನಿ.ಪಿ.1, ನಿ.ಪಿ.2 ಅಂತ ಗುರುತು ಹಾಕಿರೋ ಲಗ್ನಪತ್ರಿಕೆ, ಫೋಟೋ, ಮದುವೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಮಗುವಿನ ಜನನ ಪ್ರಮಾಣಪತ್ರ, ಇವೆಲ್ಲ ಕೇಸ್ ಮುಗಿದ್ರೂ ಅಲ್ಲೇ ಇರುತ್ತೆ. ತೀರ್ಪು ಉಳಿಸ್ಕೊಂಡಷ್ಟು ಕಾಲ ಫೈಲಿನ ಉಳಿದ ಕಾಗದನೆಲ್ಲ ಉಳಿಸ್ಕೊಳ್ಳಲ್ಲ, ಅವಧಿ ಮುಗಿದ ಮೇಲೆ ನಾಶ ಮಾಡ್ತಾರೆ. ಅಪೀಲಿನ ಅವಧಿ ಕಳೆದ ಮೇಲೆ ಒರಿಜಿನಲ್ ವಾಪಸ್ ಕೊಡಿ ಅಂತ ಬೇರೆನೇ ಅರ್ಜಿ ಹಾಕ್ಬಹುದು, ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆರ್ಡರ್ 9ನೇ ರೂಲಲ್ಲಿ ಅದಕ್ಕೆ ಅವಕಾಶ ಇದೆ. ಅಕ್ಕನ ಮಗಳ ಜನನ ಪ್ರಮಾಣಪತ್ರದ ಒರಿಜಿನಲ್ ಅಲ್ಲೇ ಇತ್ತು, ಡಿಕ್ರಿ ಕಾಪಿಗೆ ಅಂತ ಹೋದಾಗ್ಲೇ ಅದಕ್ಕೂ ಅರ್ಜಿ ಕೊಟ್ಟು ಬಂದ್ವಿ.