ರೇಡಿಯಂ ಅಲ್ಲ ಕಾಕಾ ಅದು

ಹೋದ ತಿಂಗಳು ಹುಬ್ಬಳ್ಳ್ಯಾಗ ನಮ್ಮ ಅತ್ತಿ ಮಗನ ಲಗ್ನ ಇತ್ತು, ರಿಸೆಪ್ಶನ್ ನಡದಾಗನ ಕರೆಂಟ್ ಹೋತು, ಜನರೇಟರ್ ಚಾಲೂ ಆಗಾಕ ತಡಾ ಆತು, ಬಾಗಲಾ ಎಲ್ಲೈತಿ ಅಂತ ನೋಡಿದ್ರ ಎಕ್ಸಿಟ್ ಬೋರ್ಡ್ ಕಾಣವಲ್ದು. ಬಾಜೂಕ ನಿಂತಿದ್ದ ಕಾಕಾ, "ಅದು ರೇಡಿಯಂ ಐತಲೋ, ಹೊಳಿಬೇಕಿತ್ತಲ್ಲ" ಅಂದ್ರು.

ನಮ್ಮ ಕಡೆ ಹೊಳಿಯೋದೆಲ್ಲಾ ರೇಡಿಯಂನ. ಬೈಕ್ ಸ್ಟಿಕರೂ ರೇಡಿಯಂ, ಟ್ರೇಲರ್ ಹಿಂದಿನ ಕೆಂಪು ಪಟ್ಟಿನೂ ರೇಡಿಯಂ, ಖರೇ ಅಂದ್ರ ಅವು ಹೆಡ್‌ಲೈಟ್ ಬೆಳಕು ವಾಪಸ್ ಕಳಸ್ತಾವು ಅಷ್ಟ. ಅಸಲಿ ರೇಡಿಯಂ ಇದ್ದದ್ದು ಹಳೇ ಕಾಲದ ವಾಚಿನ ಮುಳ್ಳಿನ್ಯಾಗ. ಅದು ಅರ್ಧಾ ಆಗಾಕ 1600 ವರ್ಷ ಬೇಕು, ಆದ್ರೂ ಆ ವಾಚ್ ಈಗ ಹೊಳಿಯಂಗಿಲ್ಲ, ಯಾಕಂದ್ರ ರೇಡಿಯಂನ ವಿಕಿರಣ ಬಡದಾಗ ಬೆಳಕು ಕೊಡ್ಲಿ ಅಂತ ಜೋಡಿ ಹಾಕಿದ್ದ ಜಿಂಕ್ ಸಲ್ಫೈಡ್ ಬಣ್ಣನ ಆ ವಿಕಿರಣಕ್ಕ ಸುಟ್ಟು ಸತ್ತೈತಿ. ರೇಡಿಯಂ ಮಾತ್ರ ಒಳಗ ಹಂಗ ಕುಂತಿರ್ತೈತಿ!

ಕರೆಂಟೂ ಬ್ಯಾಡ, ಬೆಳಕೂ ಬ್ಯಾಡ, ತಾನ ಹೊಳಿಯೋ ಎಕ್ಸಿಟ್ ಬೋರ್ಡಿನ್ಯಾಗ ಇರೋದು ಟ್ರಿಟಿಯಂ, ಹೈಡ್ರೋಜನ್ನಿನ ಅಣ್ತಮ್ಮ. ಸಣ್ಣ ಗಾಜಿನ ನಳಿಗಿ ಒಳಗ ಫಾಸ್ಫರ್ ಅಂತ ಹೊಳಿಯೋ ಪುಡಿ ಬಳದು, ಟ್ರಿಟಿಯಂ ಗ್ಯಾಸ್ ತುಂಬಿ ಬಾಯಿ ಮುಚ್ಚಿರ್ತಾರ. ಆ ಗ್ಯಾಸಿನಿಂದ ಬರೋ ಬೀಟಾ ಕಣ, ಅಂದ್ರ ಎಲೆಕ್ಟ್ರಾನ್, ಎಷ್ಟು ಮೆತ್ತಗ ಅಂದ್ರ ಗಾಜೂ ದಾಟಂಗಿಲ್ಲ, ಫಾಸ್ಫರಿಗೆ ಬಡದು ಬೆಳಕ ಆಗ್ತೈತಿ. ಆದ್ರ ಸುಮಾರು 12.3 ವರ್ಷಕ್ಕ ಟ್ರಿಟಿಯಂ ಅರ್ಧಾ ಹೀಲಿಯಂ ಆಗಿ ಹೋಗ್ತೈತಿ, ಇನ್ನ 12 ವರ್ಷಕ್ಕ ಕಾಲು ಭಾಗ ಉಳಿತೈತಿ, ಫಾಸ್ಫರೂ ಸವಿತೈತಿ. ಅದಕ್ಕ ಕಂಪನಿಯವರು 10, 15, ಬಾಳ ಅಂದ್ರ 20 ವರ್ಷ ಅಂತ ತಾರೀಖು ಹಾಕಿರ್ತಾರ. ಹಳೇದಾತು ಅಂತ ಗುಜರಿಗೆ ಒಗದ್ರ ತಪ್ಪು, ನಳಿಗಿ ಒಡದ್ರ ಗ್ಯಾಸ್ ಹೊರಗ ಬರ್ತೈತಿ.

ಮಂಟಪದ್ದು ಅದೂ ಅಲ್ಲ ಬಿಡ್ರಿ. ಅದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿ ಹಾಕಿದ ಸಾದಾ ಹಾಳಿ, ಲೈಟಿನ ಬೆಳಕು ಕುಡದು ಕತ್ತಲದಾಗ ಉಗುಳೋ ಜಾತಿ. ಮೊದಲ ಹತ್ತು ನಿಮಿಷ ಜೋರ್ ಇರ್ತೈತಿ, ಆಮ್ಯಾಲ ಸಣ್ಣಗ ಆಗ್ಕೋತ ತಾಸುಗಟ್ಟಲೆ ನಡಿತೈತಿ, ಮೊದಲ ಬೆಳಕು ಕುಡದಿತ್ತಂದ್ರ ಮಾತ್ರ. ಕರೆಂಟ್ ಬಂದ ಮ್ಯಾಲ ನೋಡಿದೆ, ಬೋರ್ಡಿನ ಮ್ಯಾಲ ಗುಲಾಬಿ ಬಣ್ಣದ ಅರಿವಿ, ಅದರ ಮ್ಯಾಲ ಪ್ಲಾಸ್ಟಿಕ್ ಚೆಂಡುಹೂವಿನ ಮಾಲಿ, ಮುಂಜಾನಿಂದ ಒಂದ್ ಗುಟುಕು ಬೆಳಕ ಸಿಕ್ಕಿಲ್ಲ ಪಾಪ.

ಅರಿವಿ ಸರಸ್ರಿ ಅಂತ ಮ್ಯಾನೇಜರಿಗೆ ಹೇಳಿದೆ. "ಫೋಟೋದಾಗ ಚಲೋ ಕಾಣಂಗಿಲ್ರಿ ಸರ" ಅಂದ.