ಹುಲಿ ಜಾಸ್ತಿಯಾಗಿವೆಯಲ್ಲ, ಮತ್ತೆ ಡಿಎನ್‌ಎ ಯಾಕೆ?

ಕಾಡುಪ್ರಾಣಿಗಳ ಡಿಎನ್‌ಎ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದು ಕೇಳುವ ಪ್ರಶ್ನೆ ಇದು: "ಹುಲಿ ಸಂಖ್ಯೆ ಏರ್ತಾನೇ ಇದೆ. ಕ್ಯಾಮೆರಾ ಇಟ್ಟು ಎಣಿಸ್ತಾರೆ, ಲೆಕ್ಕ ಸಿಗುತ್ತೆ. ಅದರ ಮೇಲೆ ಹಿಕ್ಕೆ ಆರಿಸಿ ಲ್ಯಾಬಿಗೆ ಕಳಿಸೋದ್ಯಾಕೆ?"

ಕೇಳುವುದರಲ್ಲಿ ತಪ್ಪೇನಿಲ್ಲ. 2006ರಲ್ಲಿ ದೇಶದಲ್ಲಿ ಉಳಿದಿರುವುದು 1,411 ಹುಲಿ ಅಂತ ಅಂದಾಜು ಬಂದಾಗ ಎಲ್ಲರ ಎದೆ ಧಸಕ್ಕೆಂದಿತ್ತು. 2022ರ ಅಂದಾಜು 3,682. ನಮ್ಮ ರಾಜ್ಯದಲ್ಲೇ 563. ಮಳೆ, ಜಿಗಣೆ, ಆನೆ ಎಲ್ಲದರ ನಡುವೆ ಕಾಡು ಕಾಯುವ ವಾಚರ್, ಗಾರ್ಡ್‌ಗಳಿಗೆ ಇದರ ಶ್ರೇಯಸ್ಸು ಮೊದಲು ಸಲ್ಲಬೇಕು.

ಆದರೆ ಈ 3,682 ಹುಲಿಗಳು ಒಂದೇ ಕಾಡಿನಲ್ಲಿಲ್ಲ. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಒಂದಕ್ಕೊಂದು ಅಂಟಿಕೊಂಡಿರುವ ದೊಡ್ಡ ಕಾಡು. ಅಲ್ಲಿನ ಹುಲಿಗೆ ಸಂಗಾತಿ ಹುಡುಕುವುದು ಕಷ್ಟವಲ್ಲ. ಇನ್ನು ಕೆಲವು ಕಾಡುಗಳ ಸುತ್ತ ಹೊಲ, ಹೆದ್ದಾರಿ, ಗಣಿ, ಊರು. ಒಳಗೆ ಬೆರಳೆಣಿಕೆಯ ಹುಲಿಗಳು, ಎಲ್ಲವೂ ಹತ್ತಿರದ ಬಂಧುಗಳು. ಒಟ್ಟು ಲೆಕ್ಕ ಎಷ್ಟೇ ಏರಲಿ, ಇವುಗಳ ಪಾಡು ಅದರಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಡಿಎನ್‌ಎಯೇ ಬೇಕು. ನನ್ನ ಉತ್ತರ ಇಷ್ಟೇ. ಉಳಿದದ್ದು ಅದರ ವಿವರ.

ಒಡಿಶಾದ ಮಯೂರಭಂಜ್ ಜಿಲ್ಲೆಯ ಸಿಮ್ಲಿಪಾಲ್ ನೋಡಿ. ಸುಮಾರು 2,750 ಚದರ ಕಿ.ಮೀ. ಹುಲಿ ಮೀಸಲು ಪ್ರದೇಶ. ಕಪ್ಪು ಹುಲಿಗಳಿಗೆ ಹೆಸರಾದ ಜಾಗ. ನಿಜಕ್ಕೂ ಅವು ಪೂರ್ತಿ ಕಪ್ಪಲ್ಲ. ಪಟ್ಟೆಗಳು ಅಗಲವಾಗಿ, ಒಂದರೊಳಗೊಂದು ಸೇರಿ, ಬೆನ್ನಿಗೆಲ್ಲ ಮಸಿ ಬಳಿದ ಹಾಗೆ ಕಾಣುತ್ತವೆ. ಪಟ್ಟೆಗಳ ಸಂದಿಯಲ್ಲಿ ಹಳದಿ ಇಣುಕುತ್ತಿರುತ್ತದೆ. ನಮ್ಮ ಕಬಿನಿಯ ಕರಿಚಿರತೆಯದು ಬೇರೆಯೇ ಕಥೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬೆಂಗಳೂರಿನ ಎನ್‌ಸಿಬಿಎಸ್‌ನ (ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ) ಉಮಾ ರಾಮಕೃಷ್ಣನ್ ಅವರ ತಂಡ ಈ ಬಣ್ಣದ ಬೇರನ್ನು ಹುಡುಕಿ 2021ರಲ್ಲಿ ಪ್ರಕಟಿಸಿತು. ಟ್ಯಾಕ್‌ಪೆಪ್ ಅನ್ನುವ ಒಂದು ಜೀನ್. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದ ಬರಹ, ಜೀನ್ ಅದರ ಒಂದು ತುಣುಕು. ಈ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಸಿ ಇರಬೇಕಾದಲ್ಲಿ ಟಿ. ಸಾಕು ಬೆಕ್ಕುಗಳ ಮೈಮೇಲೆ ಪಟ್ಟೆಯ ಬದಲು ದೊಡ್ಡ ದೊಡ್ಡ ಮಚ್ಚೆ ಮೂಡುವುದಕ್ಕೂ ಇದೇ ಜೀನ್ ಕಾರಣ. ಆಫ್ರಿಕಾದ 'ಕಿಂಗ್ ಚೀತಾ'ದ ದಪ್ಪ ಪಟ್ಟೆಗಳಿಗೂ ಇದೇ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಬದಲಾದ ಪ್ರತಿಯೇ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ.

ದೇಶದ ಬೇರೆ ಕಾಡುಗಳ ಹುಲಿಗಳಲ್ಲಿ ಹುಡುಕಿದರೆ ಈ ಬದಲಾವಣೆ ಸಿಗಲೇ ಇಲ್ಲ. ಸಿಮ್ಲಿಪಾಲ್‌ನಲ್ಲಿ ಮಾತ್ರ ಈ ಜೀನ್‌ನ ಪ್ರತಿಗಳಲ್ಲಿ ಶೇ 58ರಷ್ಟು ಬದಲಾದವೇ. ಅಂದರೆ ಎರಡೂ ಪ್ರತಿ ಬದಲಾದವೇ ಸಿಕ್ಕಿ, ಸುಮಾರು ಮೂರಕ್ಕೊಂದು ಹುಲಿ ಕಪ್ಪು. ಹೀಗೇಕಾಯಿತು? ಕೆಲವೇ ಹುಲಿಗಳಿಂದ ಬೆಳೆದ ಸಂತತಿ ಅದು. ಹೊರಗಿನಿಂದ ಹೊಸ ಹುಲಿ ಬಂದು ಸೇರಲಿಲ್ಲ. ಅಪರೂಪದ ಒಂದು ಅಕ್ಷರ ಆಕಸ್ಮಿಕವಾಗಿ ಹೆಚ್ಚುತ್ತಾ ಹೋಯಿತು. ಸೋದರಸಂಬಂಧದಲ್ಲೇ ತಲೆಮಾರುಗಟ್ಟಲೆ ಮದುವೆಯಾದ ಮನೆತನಗಳಲ್ಲಿ ಅಪರೂಪದ ಕಾಯಿಲೆ ಮತ್ತೆ ಮತ್ತೆ ತಲೆಯೆತ್ತುತ್ತದಲ್ವಾ, ಹಾಗೆ.

ಕಪ್ಪು ಹುಲಿಯ ಫೋಟೊ ಬಂದಾಗೆಲ್ಲ ಜನ ಸಂಭ್ರಮಪಡುತ್ತಾರೆ. ನನಗೆ ಮಾತ್ರ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಸರಿ. ಹೃದಯದ ದೋಷ, ವೀರ್ಯದ ದೋಷ ಫೋಟೊದಲ್ಲಿ ಕಾಣುವುದಿಲ್ಲ. ಬಣ್ಣದ ಅಕ್ಷರ ಹೆಚ್ಚಿದ ದಾರಿಯಲ್ಲೇ ಅವೂ ಹೆಚ್ಚಬಹುದು.

ಇದು ಬರೀ ಊಹೆಯಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1990ರ ದಶಕದ ಆರಂಭಕ್ಕೆ ಪ್ಯಾಂಥರ್‌ಗಳು, ಅಂದರೆ ಅಲ್ಲಿನ ಪ್ಯೂಮಾಗಳು, 20-30 ಮಾತ್ರ ಉಳಿದಿದ್ದವು. ಬಾಲದ ತುದಿ ಸೊಟ್ಟ. ಕೆಲವಕ್ಕೆ ಹೃದಯದಲ್ಲಿ ತೂತು. ಎಷ್ಟೋ ಗಂಡುಗಳಲ್ಲಿ ವೃಷಣ ಕೆಳಗಿಳಿದೇ ಇರಲಿಲ್ಲ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಐದು ಮರಿ ಹಾಕಿದವು. ಆ ಮರಿಗಳು ಗಟ್ಟಿಯಾಗಿದ್ದವು, ದೋಷಗಳು ಇಳಿದವು, ಸಂಖ್ಯೆ ನೂರು ದಾಟಿತು.

ನಮ್ಮ ರಣಥಂಬೋರ್‌ನ ಚಿತ್ರ ಸ್ವಲ್ಪ ಬೇರೆ. ರಾಜಸ್ಥಾನದ ಈ ಕಾಡೂ ಒಂಟಿಯಾಗಿ ಉಳಿದದ್ದೇ. ಅಲ್ಲಿನ ಹುಲಿಗಳ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಎಲ್ಲ ಅಕ್ಷರಗಳನ್ನು ಓದಿದಾಗ, ಅತಿ ಕೆಟ್ಟ ದೋಷಗಳು ದೊಡ್ಡ ಕಾಡಿನ ಹುಲಿಗಳಿಗಿಂತ ಕಡಿಮೆಯೇ ಇದ್ದವು. ಅವನ್ನು ಹೊತ್ತ ಮರಿಗಳು ಬದುಕದೆ, ಅವು ತಾವಾಗಿಯೇ ಸೋಸಿಹೋಗಿವೆ. ಆದರೆ ಉಳಿದ ದೋಷಗಳು ಅಲ್ಲಿನ ಹುಲಿಗಳಲ್ಲಿ ಹೆಚ್ಚಾಗಿ ಹರಡಿವೆ. "ಪ್ರಕೃತಿ ತಾನೇ ಸರಿ ಮಾಡಿಕೊಳ್ಳುತ್ತೆ ಬಿಡಿ" ಅನ್ನುವವರಿಗೆ ನಾನು ತೋರಿಸುವುದು ಈ ಎರಡನೇ ಅರ್ಧವನ್ನು.

ಇಷ್ಟೆಲ್ಲ ತಿಳಿಯುವುದಕ್ಕೆ ಹುಲಿಯನ್ನು ಹಿಡಿಯಬೇಕಿಲ್ಲ, ಮುಟ್ಟಬೇಕೂ ಇಲ್ಲ. ಹುಲಿ ತನ್ನ ಗಡಿ ಸಾರಲು ಕಾಡುರಸ್ತೆಯ ನಡುವೆ, ದಾರಿ ಕವಲೊಡೆಯುವ ಕಡೆ ಹಿಕ್ಕೆ ಹಾಕುತ್ತದೆ. ಹೊಸದಾದರೆ ಮೇಲೆ ಲೋಳೆಯ ತೆಳು ಪದರ ಹೊಳೆಯುತ್ತಿರುತ್ತದೆ. ಕರುಳಿನ ಗೋಡೆಯಿಂದ ಉದುರಿದ ಹುಲಿಯದೇ ಜೀವಕೋಶಗಳು ಆ ಪದರದಲ್ಲಿರುತ್ತವೆ. ಒಳಗೆ ಇರುವುದು ಜಿಂಕೆಯ ಕೂದಲು, ಮೂಳೆಚೂರು. ಹಾಗಾಗಿ ಹಿಕ್ಕೆಯನ್ನು ಕೆದಕುವ ಹಾಗಿಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಮೇಲ್ಮೈಯನ್ನಷ್ಟೇ ಸವರಿ, ದ್ರಾವಣವಿರುವ ಪುಟ್ಟ ಟ್ಯೂಬಿಗೆ ಹಾಕಿ, ಜಾಗದ ಜಿಪಿಎಸ್ ಬರೆದುಕೊಳ್ಳುತ್ತಾರೆ. ಬಿಸಿಲಲ್ಲಿ ಒಣಗಿ ಬೆಳ್ಳಗಾದದ್ದರಲ್ಲಿ, ಮಳೆಯಲ್ಲಿ ತೊಯ್ದದ್ದರಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಲ್ಯಾಬಿನಲ್ಲಿ ಮೊದಲು ನೋಡುವುದು ಇದು ಹುಲಿಯದೋ ಚಿರತೆಯದೋ ಅಂತ, ಯಾಕೆಂದರೆ ಎಷ್ಟೋ ಸಲ ಕಣ್ಣಿಗೆ ಎರಡೂ ಒಂದೇ. ಆಮೇಲೆ ಗಂಡೋ ಹೆಣ್ಣೋ, ಯಾವ ಹುಲಿ, ಯಾವುದಕ್ಕೆ ಎಷ್ಟು ಹತ್ತಿರದ ನಂಟು.

ಕ್ಯಾಮೆರಾ ಸಾಲದೇ ಅನ್ನುವವರಿಗೆ ಶಿಕಾರಿಪುರದ ಹುಲಿಯ ವಿಷಯ ಹೇಳಬೇಕು. 2011ರಲ್ಲಿ ಶಿಕಾರಿಪುರ ತಾಲ್ಲೂಕಿನಲ್ಲಿ ಒಂದು ಗಂಡು ಹುಲಿಯನ್ನು ಹಿಡಿದರು. ಪಟ್ಟೆ ಹೋಲಿಸಿ ನೋಡಿದರೆ, ಅದು ಮುಂಚೆ ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಹುಲಿ! ಸುಮಾರು 280 ಕಿ.ಮೀ. ದೂರ. ಹುಲಿ ಎಷ್ಟು ದೂರ ಹೋಗಬಲ್ಲದು ಅಂತ ಕ್ಯಾಮೆರಾ ತೋರಿಸಿಕೊಟ್ಟಿತು. ಆದರೆ ಹೋಗುವುದೇ ಬೇರೆ, ಹೋದ ಕಡೆ ಮರಿ ಮಾಡುವುದೇ ಬೇರೆ. ಈ ಹುಲಿಯಂತೂ ಪಂಜರ ಸೇರಿತು. ಎರಡು ಕಾಡುಗಳ ನಡುವೆ ರಕ್ತಸಂಬಂಧ ನಿಜವಾಗಿ ಉಳಿದಿದೆಯೋ ಇಲ್ಲವೋ ಅನ್ನುವುದು ಮುಂದಿನ ತಲೆಮಾರಿನ ಡಿಎನ್‌ಎಯಲ್ಲೇ ಗೊತ್ತಾಗಬೇಕು.

ಎಣಿಕೆ ನಂಬಿ ಮೋಸಹೋಗುವುದು ಗಿಡಮರಗಳಲ್ಲಿ ಇನ್ನೂ ಸುಲಭ. ಶ್ರೀಗಂಧ ಬೇರಿನಿಂದಲೂ ಚಿಗುರುತ್ತದೆ. ಕಣ್ಣಿಗೆ ಹತ್ತು ಗಿಡ ಕಂಡರೂ ಹತ್ತೂ ಒಂದೇ ಮರದ ಬೇರಿಂದ ಎದ್ದಿರಬಹುದು. ಎಲೆಯ ಡಿಎನ್‌ಎ ನೋಡದೆ ಅಲ್ಲಿ ಎಷ್ಟು 'ಮರ'ಗಳಿವೆ ಅಂತ ಹೇಳುವ ಹಾಗೇ ಇಲ್ಲ.

"ಹಾಗಾದರೆ ಬೇರೆ ಕಡೆಯಿಂದ ನಾಲ್ಕು ಹುಲಿ ತಂದು ಬಿಟ್ಟರಾಯಿತಲ್ಲ?" ಇದು ಇದರ ಬೆನ್ನಿಗೇ ಬರುವ ಪ್ರಶ್ನೆ. ಸಿಮ್ಲಿಪಾಲ್‌ನಲ್ಲಿ ಅದನ್ನೇ ಮಾಡಿದರು. 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ತಂದರು. ಜೀನತ್ ಅಲ್ಲಿ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೆ ಹೋದಳು. ಡಿಸೆಂಬರ್ ಕೊನೆಗೆ ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸ್ ಕರೆತಂದರು. ಪ್ರಯತ್ನ ಸರಿಯಾದದ್ದೇ, ಸಿಮ್ಲಿಪಾಲ್‌ನಂಥ ಕಡೆ ಬೇರೆ ದಾರಿಯೂ ಇಲ್ಲ. ಆದರೆ ಒಂದು ಹುಲಿಯನ್ನು ಸಾಗಿಸಿ ನೆಲೆ ನಿಲ್ಲಿಸುವುದು ಎಷ್ಟು ಕಷ್ಟ ನೋಡಿ. ದಾರಿ ಬಿಟ್ಟುಕೊಟ್ಟರೆ ಈ ಕೆಲಸವನ್ನು ಹುಲಿಗಳೇ ಮಾಡಿಕೊಳ್ಳುತ್ತವೆ.

ದಾರಿ ಬಿಟ್ಟುಕೊಟ್ಟ ಉದಾಹರಣೆಯೂ ನಮ್ಮಲ್ಲೇ ಇದೆ. ಮಧ್ಯಪ್ರದೇಶ-ಮಹಾರಾಷ್ಟ್ರ ಗಡಿಯ ಪೆಂಚ್ ಕಾಡನ್ನು ಸೀಳಿ ಹೋಗುವ ರಾಷ್ಟ್ರೀಯ ಹೆದ್ದಾರಿ 44. ಪೆಂಚ್ ಮತ್ತು ಕಾನ್ಹಾ ಕಾಡುಗಳ ನಡುವೆ ಹುಲಿಗಳ ಓಡಾಟ ಇನ್ನೂ ಉಳಿದಿದೆ ಅಂತ ಡಿಎನ್‌ಎ ತೋರಿಸಿದ್ದ ಸೀಮೆ ಅದು. ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ವಾಹನ ಮೇಲೆ, ಪ್ರಾಣಿ ಕೆಳಗೆ ಹೋಗುವ ಹಾಗೆ ಒಂಬತ್ತು ದಾರಿಗಳನ್ನು ಕಟ್ಟಿದರು. ಒಂದಂತೂ 750 ಮೀಟರ್ ಉದ್ದ. 2019ರಲ್ಲಿ ಅಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ 18 ಜಾತಿಯ ಪ್ರಾಣಿಗಳು ಕಂಡವು. ಹುಲಿಗಳೇ 11, ಒಂದೊಂದೂ ಬೇರೆ.

ನಮ್ಮಲ್ಲಿ ಬಂಡೀಪುರದ ರಾತ್ರಿ ಸಂಚಾರ ನಿಷೇಧ 2009ರಿಂದ ಇದೆ, ಅದನ್ನು ತೆಗೆಯಿರಿ ಅನ್ನುವ ಒತ್ತಡವೂ ಆಗಾಗ ಬರುತ್ತದೆ. ಪಶ್ಚಿಮಘಟ್ಟದಲ್ಲಿ ರಸ್ತೆ, ರೈಲು, ವಿದ್ಯುತ್ ಲೈನ್ ಅಂತ ಒಂದಲ್ಲ ಒಂದು ಯೋಜನೆ ಎದುರಿಗೆ ಇದ್ದೇ ಇರುತ್ತದೆ. ಅಂಥದ್ದಕ್ಕೆ ಒಪ್ಪಿಗೆ ಕೊಡುವ ಮುಂಚೆ ಅದರ ಎರಡೂ ಬದಿಯ ಕಾಡಿನಿಂದ ಹಿಕ್ಕೆ ಆರಿಸಿ, ಅಲ್ಲಿನ ಪ್ರಾಣಿಗಳಿಗೆ ನಂಟಿದೆಯೇ ನೋಡಿ ಅನ್ನುವುದು ನನ್ನ ಒತ್ತಾಯ. ನಂಟಿದ್ದರೆ ದಾರಿ ಬಿಟ್ಟೇ ನಕ್ಷೆ ಬರೆಯಬೇಕು. ರಸ್ತೆಗೆ ಸುರಿಯುವ ಹಣದ ಮುಂದೆ ಆ ಪರೀಕ್ಷೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.