ಒಂದೇ ಹಾಳೆಯ ಮೇಲೆ ಮೊದಲ ವರ್ಷದ ಜೀವಶಾಸ್ತ್ರ: ಕೆಲಸ ಎಲ್ಲಿಯವರೆಗೆ ಬಂತು

ಪದವಿಯ ಮೊದಲ ವರ್ಷದ ಜೀವಶಾಸ್ತ್ರದ ಮುಖ್ಯ ಪರಿಕಲ್ಪನೆಗಳನ್ನೆಲ್ಲ ಒಂದೇ ಹಾಳೆಯ ಮೇಲೆ ತರುವ ನನ್ನ ಕೆಲಸ ಅರ್ಧ ದಾರಿ ದಾಟಿದೆ. ಚಾರ್ಟ್ ಹಾಳೆಗಳನ್ನು ಅಂಟಿಸಿ ಗೋಡೆಯಗಲದ ಒಂದು ಹಾಳೆ ಮಾಡಿಕೊಂಡಿದ್ದೇನೆ. ಒಂದೊಂದು ಪರಿಕಲ್ಪನೆಗೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ಹಾಕಿಕೊಂಡ ನಿಯಮಗಳು ಎರಡೇ. ಪ್ರತಿ ಬಾಣದ ಮೇಲೂ ಒಂದು ಕ್ರಿಯಾಪದ ಇರಬೇಕು. ‘ಸಂಬಂಧವಿದೆ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ, ಯಾವುದು ಯಾವುದನ್ನು ಏನು ಮಾಡುತ್ತದೆ ಎಂದು ಹೇಳಲೇಬೇಕು. ಪ್ರತಿ ಚೌಕದ ಕೆಳಗೂ ‘ಇದು ಹೇಗೆ ತಿಳಿಯಿತು?’ ಎಂಬುದಕ್ಕೆ ಒಂದು ಪ್ರಯೋಗವಾದರೂ ಇರಬೇಕು. ಉತ್ತರ ಸಿಗದ ಚೌಕ ಪೆನ್ಸಿಲ್‌ನಲ್ಲೇ ಉಳಿಯುತ್ತದೆ, ಸಿಕ್ಕ ಮೇಲೆ ಶಾಯಿ.

ಇಷ್ಟೆಲ್ಲ ಏಕೆ ಎಂದರೆ, ಪಠ್ಯಪುಸ್ತಕಗಳಲ್ಲಿ ಕೋಶ, ಶಕ್ತಿ, ಅನುವಂಶೀಯತೆ, ವಿಕಾಸ, ಪರಿಸರ ಇವೆಲ್ಲ ಬೇರೆ ಬೇರೆ ಅಧ್ಯಾಯಗಳಲ್ಲಿ ಕುಳಿತಿರುತ್ತವೆ. ಒಂದು ಅಧ್ಯಾಯ ಮುಗಿದರೆ ಅದರ ಬಾಗಿಲು ಮುಚ್ಚಿತು. ಈ ವಿಷಯ ಕಷ್ಟವಾಗುವುದು ಪಾರಿಭಾಷಿಕ ಪದಗಳ ರಾಶಿಯಿಂದಲ್ಲ, ಯಾವುದು ಯಾವುದಕ್ಕೆ ಆಧಾರ ಎಂಬುದು ಕಾಣದೆ ಇರುವುದರಿಂದ ಎಂಬುದು ನನ್ನ ದೃಢವಾದ ನಂಬಿಕೆ. ಆ ಆಧಾರಗಳನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಈ ಹಾಳೆಯ ಉದ್ದೇಶ.

ನಡುವಿನ ಚೌಕ

ಹಾಳೆಯ ನಡುವೆ ಏನಿರಬೇಕು ಎಂಬುದನ್ನು ತೀರ್ಮಾನಿಸಲು ಬಹಳ ಯೋಚಿಸಿದೆ. ಡಿಎನ್‌ಎ ಇಡುವುದು ವಾಡಿಕೆ. ನಾನು ಕೋಶಪೊರೆಯನ್ನು ಇಟ್ಟಿದ್ದೇನೆ. ಒಳಗು, ಹೊರಗು ಎಂಬ ಭೇದ ಹುಟ್ಟುವುದೇ ಪೊರೆಯಿಂದ. ಆ ಭೇದವಿಲ್ಲದೆ ಡಿಎನ್‌ಎಗೆ ಕಾಪಾಡಿಕೊಳ್ಳಲು ಏನೂ ಇಲ್ಲ.

ಸಾಕ್ಷ್ಯದ ಸಾಲಿನಲ್ಲಿ ಮೊದಲು ಬಂದದ್ದು 1925ರ ಗೋರ್ಟರ್ ಮತ್ತು ಗ್ರೆಂಡೆಲ್ ಅವರ ಪ್ರಯೋಗ. ಕೆಂಪು ರಕ್ತಕಣಗಳಿಂದ ಕೊಬ್ಬಿನ ಅಂಶವನ್ನು ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದಾಗ, ಅದು ಆವರಿಸಿದ ಜಾಗ ರಕ್ತಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿತ್ತು. ಅಂದರೆ ಪೊರೆಯಲ್ಲಿ ಎರಡು ಪದರಗಳಿವೆ. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡೂ ಕೊರತೆಗಳು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಯಾಗಿ ಬಂತು. ವಿಜ್ಞಾನದ ಇತಿಹಾಸದಲ್ಲಿ ನನಗೆ ತುಂಬ ಪ್ರಿಯವಾದ ಪ್ರಸಂಗ ಇದು. ಪೊರೆ ಗಟ್ಟಿಯಾದ ಹಾಳೆಯಲ್ಲ, ಹರಿದಾಡುವಂಥದ್ದು ಎಂಬುದಕ್ಕೆ 1970ರಲ್ಲಿ ಫ್ರೈ ಮತ್ತು ಎಡಿಡಿನ್ ಮಾಡಿದ ಪ್ರಯೋಗವನ್ನು ಬರೆದಿದ್ದೇನೆ: ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದಾಗ, ಎರಡರ ಪೊರೆಯ ಪ್ರೋಟೀನುಗಳು ಸುಮಾರು 40 ನಿಮಿಷಗಳಲ್ಲಿ ಬೆರೆತುಹೋದವು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಮಾದರಿಗೆ (ಹರಿದಾಡುವ ಕೊಬ್ಬಿನ ಪದರಗಳಲ್ಲಿ ಪ್ರೋಟೀನುಗಳು ತೇಲುತ್ತಿರುತ್ತವೆ ಎಂಬುದಕ್ಕೆ) ಇದು ಬಲವಾದ ಆಧಾರ.

ಆದರೆ ಈ ಚೌಕಕ್ಕೆ ನಾನೇ ಕಂಡದ್ದೂ ಇರಬೇಕೆಂದು ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಕೆನ್ನೇರಳೆ ಈರುಳ್ಳಿಯ ಹೊರ ಎಸಳಿನ ತೆಳು ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಕವರ್‌ಸ್ಲಿಪ್‌ನ ಒಂದು ಅಂಚಿಗೆ ಉಪ್ಪುನೀರಿನ ಹನಿ ಇಟ್ಟು, ಎದುರಿನ ಅಂಚಿನಿಂದ ಹೀರುಕಾಗದದಲ್ಲಿ ಎಳೆದುಕೊಳ್ಳಬೇಕು. ಮೊದಲು ಪ್ರತಿ ಕೋಶವೂ ಅಂಚಿನಿಂದ ಅಂಚಿಗೆ ನೇರಳೆ. ಉಪ್ಪುನೀರು ತಲುಪಿದ ಸ್ವಲ್ಪ ಹೊತ್ತಿಗೆ ಬಣ್ಣ ಮೂಲೆಗಳನ್ನು ಬಿಟ್ಟುಕೊಡುತ್ತದೆ. ಕೋಶಭಿತ್ತಿ ಅಲ್ಲಾಡುವುದಿಲ್ಲ, ಇಟ್ಟಿಗೆಯಾಕಾರದ ಗೆರೆಗಳು ಇದ್ದಲ್ಲೇ ಇರುತ್ತವೆ; ಒಳಗಿನ ನೇರಳೆ ಮಾತ್ರ ದುಂಡಗಾಗುತ್ತ, ಕುಗ್ಗುತ್ತ, ಗಾಢವಾಗುತ್ತ ನಡುವಿಗೆ ಸರಿಯುತ್ತದೆ. ಬಣ್ಣ ಗಾಢವಾಗುವುದೇ ಇಲ್ಲಿ ಮುಖ್ಯ. ಹೊರಗೆ ಹೋದದ್ದು ನೀರು, ಬಣ್ಣವಲ್ಲ. ಬರಿಯ ನೀರನ್ನು ಎಳೆದುಕೊಂಡರೆ ನೇರಳೆ ಮತ್ತೆ ಹಿಗ್ಗಿ ಭಿತ್ತಿಗೆ ಒತ್ತಿಕೊಳ್ಳುತ್ತದೆ. ಅಭಿಸರಣೆಯ, ಅಂದರೆ ಪೊರೆಯ ಮೂಲಕ ನೀರು ಹೀಗೆ ಸರಿಯುವುದರ, ಬಾಣದ ಮೇಲೆ ‘ನೀರನ್ನು ಬಿಡುತ್ತದೆ, ಬಣ್ಣವನ್ನು ತಡೆಯುತ್ತದೆ’ ಎಂದು ಎರಡು ಕ್ರಿಯಾಪದಗಳನ್ನು ಶಾಯಿಯಲ್ಲಿ ಬರೆದೆ. ಪೊರೆಯನ್ನು ಈ ವರ್ಧನೆಯಲ್ಲಿ ಕಾಣಲು ಸಾಧ್ಯವೇ ಇಲ್ಲ, ಅದರ ದಪ್ಪ ಹತ್ತು ನ್ಯಾನೋಮೀಟರಿಗೂ ಕಡಿಮೆ. ಅದು ಮಾಡುವ ಕೆಲಸ ಮಾತ್ರ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಪಕ್ಕದಲ್ಲಿ ಒಂದು ಚಿಕ್ಕ ಚೌಕ: ಕೋಶಗಳು ಏಕೆ ಚಿಕ್ಕವು? 1 ಸೆಂ.ಮೀ. ಘನದ ಮೇಲ್ಮೈ 6, ಗಾತ್ರ 1. 2 ಸೆಂ.ಮೀ. ಘನಕ್ಕೆ ಮೇಲ್ಮೈ 24, ಗಾತ್ರ 8. ಅಗಲ ಇಮ್ಮಡಿಯಾದರೆ ಗಾತ್ರದ ಪ್ರತಿ ಪಾಲಿಗೆ ಸಿಗುವ ಪೊರೆ ಅರ್ಧವಾಗುತ್ತದೆ. ಹೆಚ್ಚು ವಿವರಣೆ ಬೇಕಿಲ್ಲ.

ಶಕ್ತಿಯ ಭಾಗ

ಹೆಚ್ಚು ಸಮಯ ಹಿಡಿದದ್ದು ಇದು, ಹೆಚ್ಚು ಸಂತೋಷ ಕೊಟ್ಟದ್ದೂ ಇದೇ.

ಮರದ ತೂಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸಿದೆ. ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಮರ 169 ಪೌಂಡ್ ದಾಟಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಎರಡು ಔನ್ಸ್‌ನಷ್ಟು. ಎಲ್ಲವೂ ನೀರಿನಿಂದ ಬಂತೆಂದು ಅವನು ತೀರ್ಮಾನಿಸಿದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬರಲು ಇನ್ನೂ ಬಹಳ ಕಾಲ ಬೇಕಿತ್ತು. ಅವನ ವಿವರಣೆ 1648ರಲ್ಲಿ ಪ್ರಕಟವಾಯಿತು. ಆದರೂ ಅವನ ಅಳತೆಯನ್ನೇ ಸಾಕ್ಷ್ಯವಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಮಣ್ಣಿನಿಂದಲ್ಲ ಎಂಬುದನ್ನು ಅದು ಅಲುಗಾಡದಂತೆ ತೋರಿಸುತ್ತದೆ. ಸಸ್ಯ ಹೊರಬಿಡುವ ಆಮ್ಲಜನಕ ನೀರಿನದು, ಇಂಗಾಲದ ಡೈಆಕ್ಸೈಡಿನದಲ್ಲ ಎಂಬುದನ್ನು 1941ರಲ್ಲಿ ರೂಬೆನ್, ಕಾಮೆನ್ ಮತ್ತು ಅವರ ಜೊತೆಗಾರರು ಆಮ್ಲಜನಕದ ಭಾರವಾದ ರೂಪವಾದ ಆಮ್ಲಜನಕ-18 ಬಳಸಿ ತೋರಿಸಿದರು. ಈ ಎರಡು ಬಾಣಗಳು ಬಂದ ಮೇಲೆ ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠದ ಸಾಲಾಗಿ ಉಳಿಯಲಿಲ್ಲ.

ಆಮೇಲೆ ಎಟಿಪಿ, ಕೋಶ ತನ್ನ ಕೆಲಸಗಳಿಗೆ ಶಕ್ತಿಯ ನಾಣ್ಯದಂತೆ ಬಳಸುವ ಅಣು. ಗ್ಲೂಕೋಸಿನ ಒಂದು ಅಣುವಿನಿಂದ ಗ್ಲೈಕಾಲಿಸಿಸ್‌ನಲ್ಲಿ (ಗ್ಲೂಕೋಸನ್ನು ಒಡೆಯುವ ಮೊದಲ ಹಂತದಲ್ಲಿ) ನಿವ್ವಳವಾಗಿ ಸಿಗುವುದು 2 ಎಟಿಪಿ. ಆಮ್ಲಜನಕವಿದ್ದು ಪೂರ್ತಿ ಒಡೆದರೆ ಸುಮಾರು 30ರಿಂದ 32. ಈ ದೊಡ್ಡ ಅಂತರ ಎಲ್ಲಿಂದ ಬರುತ್ತದೆ ಎಂದು ಬಾಣ ಹಿಡಿದು ಹೋದರೆ ಮತ್ತೆ ಪೊರೆಗೇ ಬಂದು ನಿಲ್ಲುತ್ತೇವೆ. 1961ರಲ್ಲಿ ಪೀಟರ್ ಮಿಚೆಲ್ ಹೇಳಿದ್ದು ಇದನ್ನೇ: ಎಲೆಕ್ಟ್ರಾನುಗಳು ಕೈಬದಲಾಗುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಪೊರೆಯ ಒಂದು ಬದಿಗೆ ತಳ್ಳುತ್ತದೆ, ಅವು ಕಟ್ಟೆಯ ಹಿಂದೆ ನಿಂತ ನೀರಿನಂತೆ ಇಳಿಯುವ ದಾರಿಗೆ ಕಾದಿರುತ್ತವೆ, ಇಳಿಯುವಾಗ ಎಟಿಪಿ ಸಿಂಥೇಸ್ ಎಂಬ ಕಿಣ್ವವನ್ನು ತಿರುಗಿಸುತ್ತವೆ. ಬಹುಕಾಲ ಇದನ್ನು ಒಪ್ಪದವರೇ ಹೆಚ್ಚು. ಮಿಚೆಲ್‌ಗೆ ನೊಬೆಲ್ ಬಂದದ್ದು 1978ರಲ್ಲಿ.

ಇದಕ್ಕೆ ನಾನು ಆರಿಸಿಕೊಂಡ ಸಾಕ್ಷ್ಯ 1966ರ ಯಾಗೆಂಡಾರ್ಫ್ ಮತ್ತು ಉರಿಬೆ ಅವರದು. ಸಸ್ಯಕೋಶದಲ್ಲಿ ದ್ಯುತಿಸಂಶ್ಲೇಷಣೆ ನಡೆಯುವ ಕ್ಲೋರೋಪ್ಲಾಸ್ಟಿನ ಒಳಗಿನ ಥೈಲಕಾಯ್ಡ್ ಎಂಬ ಪೊರೆಚೀಲಗಳನ್ನು ಪಿಎಚ್ 4ರ ಆಮ್ಲದಲ್ಲಿ ನೆನೆಸಿಟ್ಟರು, ಒಳಗೂ ಅಷ್ಟೇ ಆಮ್ಲೀಯವಾಗುವವರೆಗೆ. ಆಮೇಲೆ ಎಟಿಪಿಯ ಕಚ್ಚಾವಸ್ತುಗಳಾದ ಎಡಿಪಿ ಮತ್ತು ಫಾಸ್ಫೇಟ್ ಇದ್ದ ಪಿಎಚ್ 8ರ ದ್ರಾವಣಕ್ಕೆ ಹಠಾತ್ತನೆ ವರ್ಗಾಯಿಸಿದರು. ಕತ್ತಲಲ್ಲಿ! ಬೆಳಕಿನ ಒಂದು ಕಿರಣವೂ ಇಲ್ಲದೆ ಎಟಿಪಿ ತಯಾರಾಯಿತು. ಬೆಳಕಿನ ಕೆಲಸ ಪ್ರೋಟಾನುಗಳ ಏರುಪೇರನ್ನು ಸೃಷ್ಟಿಸುವುದು, ಆ ಏರುಪೇರು ಇನ್ನಾವ ದಾರಿಯಿಂದ ಬಂದರೂ ಕಿಣ್ವಕ್ಕೆ ಸಾಕು ಎಂಬುದಕ್ಕೆ ಇದಕ್ಕಿಂತ ಶುದ್ಧವಾದ ಪ್ರಯೋಗವನ್ನು ನಾನು ಕಂಡಿಲ್ಲ. ವ್ಯತಿರಿಕ್ತ ಸಾಕ್ಷ್ಯವಾಗಿ ಡೈನೈಟ್ರೋಫಿನಾಲ್ ಇದೆ: ಅದು ಪ್ರೋಟಾನುಗಳನ್ನು ಪೊರೆಯ ಮೂಲಕ ಸುಮ್ಮನೆ ದಾಟಿಸಿಬಿಡುತ್ತದೆ. ಪೋಷಕಾಂಶ ಉರಿಯುತ್ತಲೇ ಇರುತ್ತದೆ, ಶಾಖ ಹೊರಬರುತ್ತದೆ, ಎಟಿಪಿ ಮಾತ್ರ ಆಗುವುದಿಲ್ಲ. 1930ರ ದಶಕದಲ್ಲಿ ಇದನ್ನು ತೂಕ ಇಳಿಸುವ ಔಷಧವಾಗಿ ಕೊಟ್ಟರು, ಜನ ಸತ್ತರು. ಕಿಣ್ವ ನಿಜಕ್ಕೂ ತಿರುಗುತ್ತದೆ ಎಂಬುದನ್ನು 1997ರಲ್ಲಿ ಜಪಾನಿನ ನೋಜಿ ಮತ್ತು ಸಂಗಡಿಗರು ಅದಕ್ಕೆ ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದರು.

ಉಸಿರಾಟ ಮತ್ತು ದ್ಯುತಿಸಂಶ್ಲೇಷಣೆಯ ಚೌಕಗಳು ಈಗ ಪೊರೆಯ ಎಡಬಲಗಳಲ್ಲಿವೆ. ಎರಡರಿಂದಲೂ ಒಂದೇ ಕ್ರಿಯಾಪದದ ಬಾಣ: ‘ಪ್ರೋಟಾನುಗಳನ್ನು ಒಂದು ಬದಿಗೆ ತಳ್ಳುತ್ತದೆ’. ಬಿಡಿ ಅಧ್ಯಾಯಗಳಲ್ಲಿ ಓದಿದಾಗ ಈ ಸಾಮ್ಯ ಇಷ್ಟು ಎದ್ದು ಕಾಣುವುದಿಲ್ಲ.

ಮಾಹಿತಿಯ ಭಾಗ, ಮತ್ತು ಹಾಳೆಯ ಅತಿ ಉದ್ದದ ಬಾಣ

ಡಿಎನ್‌ಎ ನಕಲಾಗುವಾಗ ಹಳೆಯ ಎಳೆಯೊಂದು ಉಳಿದು ಹೊಸದೊಂದು ಸೇರುತ್ತದೆ ಎಂಬುದಕ್ಕೆ 1958ರ ಮೆಸೆಲ್ಸನ್ ಮತ್ತು ಸ್ಟಾಲ್ ಪ್ರಯೋಗ. ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ಹೇಳುವ ಸಂಕೇತದ ಮೂರಕ್ಷರದ ಪದಗಳು 64, ಅವುಗಳಲ್ಲಿ 61 ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಿಗೆ, 3 ನಿಲುಗಡೆಗೆ. ಮೊದಲ ಪದವನ್ನು ಬಿಡಿಸಿದವರು ನಿರೆನ್‌ಬರ್ಗ್ ಮತ್ತು ಮಟ್ಟಾಯ್, 1961ರಲ್ಲಿ: ಬರೀ ಯುರಾಸಿಲ್‌ನಿಂದ ಮಾಡಿದ ಆರ್‌ಎನ್‌ಎ ಕೊಟ್ಟಾಗ ಬರೀ ಫಿನೈಲ್‌ಅಲನೀನ್‌ನ ಸರಪಳಿ ಬಂತು. ಉಳಿದ ಪದಗಳನ್ನು ಬಿಡಿಸುವಲ್ಲಿ ಹರಗೋಬಿಂದ ಖೊರಾನರ ಪಾತ್ರ ದೊಡ್ಡದು. 1968ರ ನೊಬೆಲ್ ಅನ್ನು ಅವರು ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿಯವರೊಡನೆ ಹಂಚಿಕೊಂಡರು. ಈ ಚೌಕಗಳೆಲ್ಲ ಸಲೀಸಾಗಿ ಶಾಯಿಗೆ ಬಂದವು.

ಮೆಂಡೆಲ್‌ನ ಚೌಕದಲ್ಲಿ ಅವನದೇ ಎಣಿಕೆ: ದುಂಡು ಬಟಾಣಿ 5,474, ಸುಕ್ಕುಬಟಾಣಿ 1,850, ಅನುಪಾತ 2.96ಕ್ಕೆ 1. ಅಲ್ಲಿಂದ ಮಿಯಾಸಿಸ್‌ಗೆ, ಅಂದರೆ ಅಂಡ ಮತ್ತು ವೀರ್ಯಾಣುಗಳನ್ನು ಹುಟ್ಟಿಸುವ ಕೋಶವಿಭಜನೆಗೆ, ಬಾಣ. ಮನುಷ್ಯನ 23 ಜೋಡಿ ವರ್ಣತಂತುಗಳು ಬೇರ್ಪಡುವ ರೀತಿಗಳೇ 2ರ 23ನೆಯ ಘಾತ, ಅಂದರೆ 83,88,608. ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವ ಅಡ್ಡಹಾಯುವಿಕೆ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಡಗೋಲು ಕಣ ರಕ್ತಹೀನತೆ. ಒಂದೇ ಕಾಯಿಲೆಯ ಬಾಣ ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ. ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿ ಜಿಎಜಿ ಇದ್ದದ್ದು ಜಿಟಿಜಿ ಆಗುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಆಗುತ್ತದೆ. ಇದನ್ನು 1950ರ ದಶಕದಲ್ಲಿ ತೋರಿಸಿದವರು ವರ್ನನ್ ಇನ್‌ಗ್ರಾಂ. ನೀರನ್ನು ಬಯಸುವ ಆಮ್ಲ ಹೋಗಿ ನೀರಿಗೆ ಬೆನ್ನು ತಿರುಗಿಸುವ ಆಮ್ಲ ಬಂದದ್ದರಿಂದ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುತ್ತವೆ. ನಾರುಗಳು ಕಣವನ್ನು ಒಳಗಿನಿಂದ ತಳ್ಳಿ ಕುಡಗೋಲಿನ ಆಕಾರಕ್ಕೆ ತರುತ್ತವೆ. ಸೆಟೆದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ಇಲ್ಲಿಗೆ ನಿಲ್ಲುವುದಿಲ್ಲ. ಈ ವಂಶವಾಹಿಯ ಒಂದೇ ಪ್ರತಿ ಇರುವವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಟನಿ ಆಲಿಸನ್ ಇದಕ್ಕೆ ಪುರಾವೆ ಒದಗಿಸಿದರು. ಆದ್ದರಿಂದ ಮಲೇರಿಯಾ ಹೆಚ್ಚಾಗಿರುವ ಪ್ರದೇಶಗಳ ಜನಸಮುದಾಯಗಳಲ್ಲಿ ಈ ರೂಪ ಅಳಿಯದೆ ಉಳಿದಿದೆ. ಅಕ್ಷರ, ಪ್ರೋಟೀನ್, ಕೋಶದ ಆಕಾರ, ದೇಹ, ಜನಸಮುದಾಯ, ಸೊಳ್ಳೆ ಕಚ್ಚುವ ಪರಿಸರ, ಎಲ್ಲ ಒಂದೇ ಗೆರೆಯಲ್ಲಿ. ಈ ಬಾಣಕ್ಕೆ ಮಾತ್ರ ಕೆಂಪು ಶಾಯಿ.

ವಿಕಾಸ ಎಲ್ಲಿ?

ವಿಕಾಸಕ್ಕೆ ಪ್ರತ್ಯೇಕ ಮೂಲೆ ಕೊಡಲು ಮನಸ್ಸು ಬರಲಿಲ್ಲ. ನೈಸರ್ಗಿಕ ಆಯ್ಕೆಗೆ ಒಂದು ಚೌಕವಿದೆ, ಅದಕ್ಕೆ ಒಳಬರುವ ಬಾಣಗಳು ಮೂರು: ಜೀವಿಗಳಲ್ಲಿ ವ್ಯತ್ಯಾಸವಿದೆ, ವ್ಯತ್ಯಾಸ ಸಂತತಿಗೆ ದಾಟುತ್ತದೆ, ಎಲ್ಲರೂ ಸಮನಾಗಿ ಸಂತಾನ ಬಿಟ್ಟುಹೋಗುವುದಿಲ್ಲ. ಮೂರರಲ್ಲಿ ಒಂದನ್ನು ಅಳಿಸಿದರೂ ಹೊರಹೋಗುವ ಬಾಣ ಸತ್ತಂತೆ. ಸಾಕ್ಷ್ಯ ಗಲಪಗಸ್‌ನ ಡಾಫ್ನಿ ಮೇಜರ್ ದ್ವೀಪದ್ದು: 1977ರ ಬರಗಾಲದಲ್ಲಿ ಸಣ್ಣ, ಮೆತ್ತನೆಯ ಬೀಜಗಳು ಮುಗಿದು ದೊಡ್ಡ ಗಟ್ಟಿ ಬೀಜಗಳು ಉಳಿದವು, ದಪ್ಪ ಕೊಕ್ಕಿನ ಫಿಂಚ್‌ಗಳು ಹೆಚ್ಚಾಗಿ ಬದುಕಿದವು, ಮುಂದಿನ ಪೀಳಿಗೆಯ ಕೊಕ್ಕಿನ ಸರಾಸರಿ ದಪ್ಪ ಹೆಚ್ಚಿತು. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಯ ತಂಡ ಹಕ್ಕಿಹಕ್ಕಿಯನ್ನೂ ಅಳೆದು ಇಟ್ಟುಕೊಂಡಿದ್ದರಿಂದ ಇದು ತಿಳಿಯಿತು. ಯಾವ ಹಕ್ಕಿಯ ಕೊಕ್ಕೂ ಬರಗಾಲದಿಂದ ದಪ್ಪವಾಗಲಿಲ್ಲ, ಬದಲಾದದ್ದು ಗುಂಪಿನ ಸರಾಸರಿ. ಇದನ್ನು ಚೌಕದೊಳಗೇ ದೊಡ್ಡದಾಗಿ ಬರೆದಿದ್ದೇನೆ.

ಕೋಶದೊಳಗೆ ಉಸಿರಾಟದಿಂದ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯದ ಚೌಕದಿಂದಲೂ ವಿಕಾಸದ ಕಡೆಗೆ ಬಾಣ ಹೋಗಿದೆ. ಅದಕ್ಕೆ ಎರಡು ಪೊರೆಗಳಿವೆ, ತನ್ನದೇ ವರ್ತುಲಾಕಾರದ ಡಿಎನ್‌ಎ ಇದೆ. ಮನುಷ್ಯನಲ್ಲಿ ಅದರ ಉದ್ದ 16,569 ಜೋಡಿ ಅಕ್ಷರ, ವಂಶವಾಹಿಗಳು 37. ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯವಾಗಿದ್ದದ್ದು ಇನ್ನೊಂದು ಕೋಶದೊಳಗೆ ನೆಲೆಸಿತು ಎಂಬ ವಾದವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಪ್ರೋಟಾನ್ ತಳ್ಳುವ ಪೊರೆ ನಮ್ಮ ಕೋಶಗಳಿಗೆ ಬಂದದ್ದು ಹೀಗೆ.

ಮುಂದಿನ ಕೆಲಸ

ಪರಿಸರ ವಿಜ್ಞಾನದ ಭಾಗ ಇನ್ನೂ ಪೆನ್ಸಿಲ್‌ನಲ್ಲಿದೆ. ಆಹಾರ ಸರಪಳಿಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ಶಕ್ತಿಯ ಹತ್ತನೇ ಒಂದು ಭಾಗ ಮಾತ್ರ ಹೋಗುತ್ತದೆ ಎಂಬ ಸ್ಥೂಲ ನಿಯಮವನ್ನು ಶಾಯಿಗೆ ತರುವ ಮೊದಲು, ಉಳಿದ ಶಕ್ತಿ ಎಲ್ಲಿ ಹೋಗುತ್ತದೆ ಎಂಬುದನ್ನು ಉಸಿರಾಟದ ಚೌಕಕ್ಕೆ ಬಾಣವಾಗಿ ಜೋಡಿಸಬೇಕು. ಕೋಶವಿಭಜನೆಗೆ ಈರುಳ್ಳಿಯ ಬೇರಿನ ತುದಿ ಬೆಳೆಯಲು ಇಟ್ಟಿದ್ದೇನೆ. ಅದರಲ್ಲಿ ವರ್ಣತಂತುಗಳು 16 ಮಾತ್ರ, ದೊಡ್ಡವೂ ಹೌದು, ಆದ್ದರಿಂದ ಹಂತಗಳನ್ನು ಬೇರ್ಪಡಿಸಿ ನೋಡಬಹುದು.

ಎಲ್ಲಕ್ಕಿಂತ ಮೊದಲು ವಂಶವಾಹಿಗಳ ನಿಯಂತ್ರಣ. ಈಗಿರುವಂತೆ ಡಿಎನ್‌ಎಯಿಂದ ಬಾಣಗಳು ಹೊರಗೆ ಹೋಗುತ್ತವೆ, ಒಳಗೆ ಬರುವುದೇ ಇಲ್ಲ. ಕೋಶ ತನ್ನ ಸುತ್ತಲಿನ ಸ್ಥಿತಿಗೆ ಸ್ಪಂದಿಸುವುದು ಹೇಗೆಂದು ಹಾಳೆ ಹೇಳುತ್ತಿಲ್ಲ. ಜಾಕೋಬ್ ಮತ್ತು ಮೊನೋ 1961ರಲ್ಲಿ ವಿವರಿಸಿದ, ಬ್ಯಾಕ್ಟೀರಿಯದಲ್ಲಿ ಒಟ್ಟಿಗೆ ನಿಯಂತ್ರಣವಾಗುವ ವಂಶವಾಹಿಗಳ ಗುಂಪಾದ ಲ್ಯಾಕ್ ಆಪೆರಾನ್‌ನಿಂದ ಆರಂಭಿಸುತ್ತೇನೆ: ಡಿಎನ್‌ಎಗೆ ಅಂಟಿ ಕುಳಿತ ತಡೆ ಪ್ರೋಟೀನನ್ನು ಲ್ಯಾಕ್ಟೋಸಿನಿಂದ ಹುಟ್ಟಿದ ಅಣು ಕಳಚುತ್ತದೆ, ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ತಯಾರಾಗುತ್ತದೆ. ಸಾಕ್ಷ್ಯದ ಸಾಲೂ ಸಿದ್ಧವಿದೆ, ಆ ತಡೆ ಪ್ರೋಟೀನನ್ನು 1966ರಲ್ಲಿ ಗಿಲ್ಬರ್ಟ್ ಮತ್ತು ಮುಲ್ಲರ್‌ಹಿಲ್ ಬೇರ್ಪಡಿಸಿದರು. ಡಿಎನ್‌ಎ ಚೌಕದ ಸುತ್ತ ಜಾಗ ಉಳಿದಿಲ್ಲವಾದ್ದರಿಂದ ಬಲಬದಿಗೆ ಇನ್ನೊಂದು ಹಾಳೆ ಅಂಟಿಸಬೇಕು.